ಎಪಿಸೋಡ್ ಬರಹ: ಹಳದಿ ಪೆಟ್ಟಿಗೆ ಮತ್ತು ಬಳ್ಳಾರಿಯ ವೋಟು

ಇವತ್ತು ಒಂದು ಸಿಂಪಲ್ ಪ್ರಶ್ನೆ: ನಿಮ್ಮ ಮುತ್ತಜ್ಜ ವೋಟು ಹಾಕಿದ್ರಾ?

1937ಕ್ಕೆ ಹೋಗೋಣ. ಆಗ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ತುಂಗಭದ್ರಾ ಡ್ಯಾಮ್ ಇನ್ನೂ ಕಟ್ಟಿರಲಿಲ್ಲ. ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿದ್ದವು. ಅದರ ಮೇಲೆ ಜಗತ್ತಿನ ಆರ್ಥಿಕ ಕುಸಿತ: ಹತ್ತಿ, ಶೇಂಗಾ ಬೆಲೆ ಬಿದ್ದುಹೋಗಿತ್ತು. ಬೆಳೆಗೆ ಬೆಲೆಯಿಲ್ಲ, ಕಂದಾಯ ಮಾತ್ರ ಕಟ್ಟಲೇಬೇಕು.

ಅಂಥ ಹೊತ್ತಲ್ಲಿ ಬಂತು ಚುನಾವಣೆ. 1935ರ ಕಾಯ್ದೆ ಮದ್ರಾಸಿಗೆ ಎರಡು ಸದನ ಕೊಟ್ಟಿತ್ತು: 215 ಸ್ಥಾನಗಳ ವಿಧಾನಸಭೆ, ಅದರ ಮೇಲೊಂದು ವಿಧಾನ ಪರಿಷತ್ತು. ಒಂದು ಕಡೆ ಅಧಿಕಾರದಲ್ಲಿದ್ದ ಜಸ್ಟಿಸ್ ಪಾರ್ಟಿ, ಇನ್ನೊಂದು ಕಡೆ ಕಾಂಗ್ರೆಸ್. ಓದು ಬಾರದವರಿಗೂ ಗೊತ್ತಾಗಲಿ ಅಂತ ಪೆಟ್ಟಿಗೆಗೆ ಬಣ್ಣ. ಕಾಂಗ್ರೆಸ್‌ನದು ಹಳದಿ.

ಆದರೆ ಮತಪಟ್ಟಿ ಸೇರೋದೇ ಕಷ್ಟ. ಆಸ್ತಿ, ತೆರಿಗೆ, ಓದು, ಇಂಥ ಯಾವುದಾದರೂ ಅರ್ಹತೆ ಬೇಕಿತ್ತು. ಬ್ರಿಟಿಷ್ ಭಾರತದಲ್ಲಿ ನೂರಕ್ಕೆ ಹೆಚ್ಚೆಂದರೆ 15 ಜನಕ್ಕೆ ವೋಟು. ಮೇಲ್ಮನೆಗಂತೂ ಇನ್ನೂ ಕಡಿಮೆ. ಕೂಲಿ ಮಾಡುವವರು, ಹೊಲ ಇಲ್ಲದವರು ಬಹುತೇಕ ಹೊರಗೇ.

ಫಲಿತಾಂಶ? ಕಾಂಗ್ರೆಸ್‌ಗೆ 159. ಜಸ್ಟಿಸ್ ಪಾರ್ಟಿಯ ನಾಯಕ, ಬೊಬ್ಬಿಲಿ ರಾಜಾ, ವಿ.ವಿ. ಗಿರಿ ಎದುರು ಸೋತರು. ಇದೇ ಗಿರಿ ಮುಂದೆ ರಾಷ್ಟ್ರಪತಿಯಾದರು. ಕಂದಾಯ ಇಳಿಸದ ಸರ್ಕಾರದ ಮೇಲಿನ ಸಿಟ್ಟು ಪೆಟ್ಟಿಗೆಗೆ ಬಿತ್ತು. ಆದರೆ ಆ ಸಿಟ್ಟನ್ನ ತೋರಿಸೋಕೆ ಎಲ್ಲರಿಗೂ ಅವಕಾಶ ಸಿಗಲಿಲ್ಲ.

ಸ್ವಾತಂತ್ರ್ಯದ ನಂತರದ ಮೊದಲ ಚುನಾವಣೆಯಲ್ಲಿ 21 ವರ್ಷ ದಾಟಿದ ಎಲ್ಲರಿಗೂ ವೋಟು ಸಿಕ್ಕಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಈಗ ವೋಟಿಗೆ 18 ಸಾಕು.

ಒಂದು ವೋಟಿಂದ ಏನಾಗುತ್ತೆ ಅಂತೀರಾ? 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ವೋಟಿಂದ: 40,752ಕ್ಕೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ ಬರೀ 16.

ಮುತ್ತಜ್ಜನ ಕಾಲದಲ್ಲಿ ಪಟ್ಟಿಯಿಂದ ಹೊರಗಿಟ್ಟಿದ್ದು ಕಾನೂನು. ಈಗ ಹೊರಗೆ ಉಳಿಸೋದು ಹೆಚ್ಚಾಗಿ ನಮ್ಮ ಉದಾಸೀನ. ಫೋನ್ ಕೈಯಲ್ಲೇ ಇದೆಯಲ್ಲ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ಅಂತ ಇವತ್ತೇ ನೋಡಿ. ಮತ್ತೆ ಸಿಗೋಣ.