ರೋಲರಿನಲ್ಲಿ ಕಾರಿಗೆ ಬಣ್ಣ

ಗೇಟು, ಕಿಟಕಿಯ ಸರಳುಗಳಿಗೆ ಹಚ್ಚುವ ಸಿಂಥೆಟಿಕ್ ಎನಾಮಲ್ ಪೇಂಟನ್ನೇ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿಕೊಂಡು, ನಾಲ್ಕಿಂಚಿನ ಸ್ಪಂಜಿನ ರೋಲರಿನಿಂದ ಕಾರಿನ ಮೈಗೆ ಹಲವು ಕೋಟ್ ಬಳಿಯಬಹುದು. ಕೋಟುಗಳ ನಡುವೆ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ ನುಣುಪು ತರಬೇಕು. ಕಂಪ್ರೆಸರ್, ಸ್ಪ್ರೇ ಗನ್, ಪೇಂಟ್ ಬೂತ್ ಯಾವುದೂ ಬೇಡ. ಹಳೆಯ ಮಾರುತಿ 800ರಂಥ ಪುಟ್ಟ ಕಾರಿನ ಹೊರಮೈ ಸುಮಾರು 11 ಚದರ ಮೀಟರ್ ಎಂದು ಇಟ್ಟುಕೊಂಡರೆ, ಒಣಗಿದ ಮೇಲೆ 15 ಮೈಕ್ರಾನ್ ದಪ್ಪ ಉಳಿಯುವ ಐದು ಕೋಟುಗಳಿಗೆ ಬೇಕಾಗುವ ಗಟ್ಟಿ ಪದಾರ್ಥ ಒಂದು ಲೀಟರಿಗಿಂತ ಕಡಿಮೆ. ಡಬ್ಬಿಯ ಬಣ್ಣದಲ್ಲಿ ಅರ್ಧದಷ್ಟು ಆರಿಹೋಗುವ ದ್ರಾವಕವೇ ಇರುವುದರಿಂದಲೂ ಉಜ್ಜುವಾಗ ಒಂದಿಷ್ಟು ಸವೆದುಹೋಗುವುದರಿಂದಲೂ ಎರಡರಿಂದ ಎರಡೂವರೆ ಲೀಟರ್ ತಂದರೆ ಸಾಕು. ಖರ್ಚು ಗ್ಯಾರೇಜಿನವರು ಹೇಳುವ ದರದ ಸಣ್ಣದೊಂದು ಪಾಲು. ಉಳಿದದ್ದೆಲ್ಲ ಕೈಕೆಲಸ ಮತ್ತು ಕಾಯುವಿಕೆ.

ಕಾರಿಗೆ ಗನ್ನಿನಿಂದಲೇ ಬಣ್ಣ ಹೊಡೆಯಬೇಕೆಂಬುದು ಮೊದಲಿನಿಂದ ಇದ್ದ ನಿಯಮವಲ್ಲ. ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಕಾರುಗಳಿಗೆ ಕುದುರೆಗಾಡಿಗಳಿಗೆ ಹಚ್ಚಿದಂತೆಯೇ ಕುಂಚದಲ್ಲಿ ಎಣ್ಣೆ ವಾರ್ನಿಷ್ ಹಚ್ಚುತ್ತಿದ್ದರು. ಒಳ್ಳೆಯ ಕಾರೊಂದು ಪೂರ್ತಿ ಒಣಗಿ ಹೊರಬರಲು ವಾರಗಟ್ಟಲೆ ಬೇಕಾಗುತ್ತಿತ್ತು. ಈ ವಿಳಂಬವನ್ನು ತಪ್ಪಿಸಲು ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ಜನರಲ್ ಮೋಟರ್ಸ್ ಅದನ್ನು 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಬಳಸಿತು. ನಮ್ಮ ಗ್ಯಾರೇಜುಗಳಲ್ಲಿ ಎನ್‌ಸಿ ಪೇಂಟ್ ಎನ್ನುವುದು ಇದೇ ಕುಲದ್ದು. ಈ ಬಣ್ಣದಲ್ಲಿರುವ ಥಿನ್ನರ್ ನಿಮಿಷಗಳಲ್ಲಿ ಹಾರಿಹೋಗುತ್ತದೆ. ಕುಂಚ ಎರಡನೆಯ ಬಾರಿ ಅದೇ ಜಾಗಕ್ಕೆ ಬರುವಷ್ಟರಲ್ಲಿ ಬಣ್ಣ ಅಂಟಾಗಿ ಎಳೆಯತೊಡಗುತ್ತದೆ. ಹಾಗಾಗಿ ಬೇಗ ಒಣಗುವ ಬಣ್ಣದ ಬೆನ್ನಿಗೇ ಗನ್ನೂ ಬರಬೇಕಾಯಿತು. ಬಣ್ಣ ನಿಧಾನವಾಗಿ ಒಣಗುವಂಥದ್ದಾದರೆ ಆ ಒತ್ತಾಯವಿಲ್ಲ.

ಎನಾಮಲ್ ಅಂಥ ನಿಧಾನದ ಬಣ್ಣ. ಅದರ ಮೂಲದ್ರವ್ಯ ಆಲ್ಕಿಡ್ ಎಂಬ ರಾಳ. 1920ರ ದಶಕದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಯ್ ಕೀನ್ಲಿ ಎಂಬ ರಸಾಯನ ವಿಜ್ಞಾನಿ ಸಸ್ಯಜನ್ಯ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಪಾಲಿಯೆಸ್ಟರಿಗೆ ಬೆಸೆದು ರೂಪಿಸಿದ್ದು. ಇದು ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಟರ್ಪೆಂಟೈನ್ ಆರಿಹೋಗುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ಎಣ್ಣೆಯ ಅಣುಗಳಲ್ಲಿರುವ ಜೋಡಿಬಂಧಗಳಿಗೆ ತಗುಲಿ, ಅಣು ಅಣುವಿಗೆ ಕೊಂಡಿ ಬಿದ್ದು ಇಡೀ ಪದರ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಕೋಬಾಲ್ಟಿನ ಲವಣಗಳಂಥ ಡ್ರೈಯರುಗಳು ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಕೈಗೆ ಅಂಟದಷ್ಟು ಒಣಗಲು ಕೆಲವು ಗಂಟೆ, ಉಜ್ಜುವಷ್ಟು ಗಟ್ಟಿಯಾಗಲು ಒಂದು ರಾತ್ರಿಗೂ ಹೆಚ್ಚು, ಪೂರ್ತಿ ಬಿರುಸಾಗಲು ವಾರಗಳೇ ಬೇಕು. ಆಮ್ಲಜನಕ ಮೇಲಿನಿಂದ ಒಳಗಿಳಿಯಬೇಕಾದ್ದರಿಂದ ದಪ್ಪ ಕೋಟ್ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮರುದಿನ ನೋಡಿದರೆ ಸುಕ್ಕು.

ರೋಲರ್ ಉರುಳಿದಲ್ಲೆಲ್ಲ ಸಣ್ಣ ಸಣ್ಣ ಉಬ್ಬುತಗ್ಗು ಉಳಿಯುತ್ತದೆ. ಕಿತ್ತಳೆ ಸಿಪ್ಪೆಯಂಥ ಈ ಮೇಲ್ಮೈ ತಾನಾಗಿ ಸಮವಾಗುವುದಕ್ಕೆ ಕಾರಣ ದ್ರವದ ಮೇಲ್ಮೈ ಎಳೆತ. ಎಷ್ಟು ಬೇಗ ಸಮವಾಗುತ್ತದೆ ಎಂಬುದನ್ನು ಎಸ್. ಇ. ಆರ್ಚರ್ಡ್ ಎಂಬ ವಿಜ್ಞಾನಿ 1962ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಣ್ಣ ಮಂದವಾಗಿದ್ದಷ್ಟೂ ನಿಧಾನ. ಪದರ ದಪ್ಪವಾಗಿದ್ದರೆ ದಪ್ಪದ ಘನಕ್ಕೆ ಅನುಗುಣವಾಗಿ ಬೇಗ. ಉಬ್ಬಿನಿಂದ ಉಬ್ಬಿಗಿರುವ ಅಂತರ ಹೆಚ್ಚಿದರೆ ಆ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ನಿಧಾನ. ಈ ನಾಲ್ಕನೆಯ ಘಾತವೇ ಇಲ್ಲಿನ ಮುಖ್ಯ ಸಂಗತಿ. 50 ಮೈಕ್ರಾನಿನ ಹಸಿ ಪದರ, ತೆಳ್ಳಗೆ ಮಾಡಿದ ಎನಾಮಲ್‌ಗೆ ಒಪ್ಪುವ ಮಂದತೆ ಮತ್ತು ಮೇಲ್ಮೈ ಎಳೆತ ಇಟ್ಟುಕೊಂಡು ಲೆಕ್ಕ ಹಾಕಿದರೆ, 2 ಮಿಲಿಮೀಟರ್ ಅಂತರದ ಉಬ್ಬುಗಳು ಐದು ಸೆಕೆಂಡಿನೊಳಗೆ ಮೊದಲಿನ ಮೂರನೇ ಒಂದರಷ್ಟಕ್ಕೆ ಇಳಿಯುತ್ತವೆ. ಅಂತರ 4 ಮಿಲಿಮೀಟರ್ ಆದರೆ ಒಂದು ನಿಮಿಷ ದಾಟುತ್ತದೆ. 8 ಮಿಲಿಮೀಟರ್ ಆದರೆ ಇಪ್ಪತ್ತು ನಿಮಿಷದ ಹತ್ತಿರ ಬೇಕು, ಅಷ್ಟರಲ್ಲಿ ಬಣ್ಣ ಬಿಗಿದುಕೊಂಡಿರುತ್ತದೆ. ಗೋಡೆಗೆ ಬಳಸುವ ಉಣ್ಣೆಯಂಥ ಎಳೆಯ ದೊಡ್ಡ ರೋಲರ್ ಕಾರಿಗೆ ಆಗಿಬರುವುದಿಲ್ಲ, ಸಣ್ಣ ರಂಧ್ರದ ದಟ್ಟ ಸ್ಪಂಜೇ ಬೇಕು ಎನ್ನುವುದಕ್ಕೆ ಕಾರಣ ಇದು.

ಹಾಗಿದ್ದರೆ ಪದರವನ್ನು ದಪ್ಪ ಮಾಡಿ ಗೆಲ್ಲಬಹುದಲ್ಲ ಎನಿಸಬಹುದು. ಬಾನೆಟ್ ಮತ್ತು ಟಾಪಿನ ಮೇಲೆ ಸ್ವಲ್ಪ ಮಟ್ಟಿಗೆ ಹೌದು. ಬಾಗಿಲಿನಂಥ ನೆಟ್ಟಗೆ ನಿಂತ ಭಾಗಗಳಲ್ಲಿ ಗುರುತ್ವ ಬಣ್ಣವನ್ನು ಕೆಳಗೆ ಎಳೆಯುತ್ತದೆ. ಹಾಗೆ ಜಾರುವ ಬಣ್ಣದ ಪ್ರಮಾಣವೂ ದಪ್ಪದ ಘನಕ್ಕೇ ಅನುಗುಣ, ಮಂದತೆಗೆ ವಿಲೋಮ. ದಪ್ಪ ಹೆಚ್ಚಿಸಿದರೂ ಟರ್ಪೆಂಟೈನ್ ಹೆಚ್ಚಿಸಿದರೂ ಸಮವಾಗುವ ವೇಗ ಮತ್ತು ಜಾರುವ ವೇಗ ಒಟ್ಟಿಗೇ ಏರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಸುಧಾರಿಸುವ ದಾರಿ ಉಬ್ಬುಗಳ ಅಂತರವನ್ನು ಕಿರಿದು ಮಾಡುವುದೊಂದೇ. ಆದ್ದರಿಂದ ರೋಲರ್ ಕೊಳ್ಳುವಾಗ ಹತ್ತಿಪ್ಪತ್ತು ರೂಪಾಯಿ ಉಳಿಸುವುದು ಇಡೀ ಕೆಲಸದಲ್ಲಿ ಅತ್ಯಂತ ದುಬಾರಿ ಉಳಿತಾಯ.

ರೋಲರಿನಷ್ಟೇ ಊರಿನ ಹವೆಯೂ ಮುಖ್ಯ. ಉದಾಹರಣೆಗೆ ಕೇರಳದ ಎಡಪ್ಪಳ್ಳಿಯನ್ನು ನೋಡೋಣ. ಅದು ಕೊಚ್ಚಿಯ ಈಶಾನ್ಯ ಭಾಗದಲ್ಲಿದೆ, ಅರಬ್ಬೀ ಕಡಲಿನಿಂದ ಸುಮಾರು ಹತ್ತು ಕಿಲೋಮೀಟರ್. ಪನ್ವೇಲಿನಿಂದ ಹೊರಟು ಕಾರವಾರ, ಉಡುಪಿ, ಮಂಗಳೂರು, ಕಾಸರಗೋಡು ದಾಟಿ ಬರುವ ಹಿಂದಿನ ರಾಷ್ಟ್ರೀಯ ಹೆದ್ದಾರಿ 17 ಕೊನೆಗೊಳ್ಳುತ್ತಿದ್ದದ್ದು ಇಲ್ಲಿಯೇ. ಈಗ ಅದು 66ನೆಯ ಸಂಖ್ಯೆ ಪಡೆದು ತಿರುವನಂತಪುರದ ಮೂಲಕ ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಈ ಹೆದ್ದಾರಿಯುದ್ದಕ್ಕೂ ಕಾರಿನ ಬಣ್ಣಕ್ಕೆ ಇರುವ ಶತ್ರುಗಳು ಒಂದೇ: ಮಳೆ, ತೇವ, ಉಪ್ಪು. ಎಡಪ್ಪಳ್ಳಿಯ ಬಗ್ಗೆ ಮುಂದೆ ಹೇಳುವುದು ಬಹುಮಟ್ಟಿಗೆ ಸುರತ್ಕಲ್ಲಿಗೂ ಕುಮಟೆಗೂ ಸಲ್ಲುತ್ತದೆ.

ತೇವದ ತೊಂದರೆ ಇಬ್ಬನಿಬಿಂದುವಿನಲ್ಲಿದೆ. 30 ಡಿಗ್ರಿ ಉಷ್ಣತೆ, ಶೇಕಡ 80ರ ಆರ್ದ್ರತೆ ಇರುವ ಗಾಳಿಯಲ್ಲಿ ಯಾವುದೇ ಮೇಲ್ಮೈ 26 ಡಿಗ್ರಿಗೆ ತಣಿದರೆ ಅದರ ಮೇಲೆ ನೀರು ಕೂರುತ್ತದೆ. ಬೆಂಗಳೂರಿನ ಒಣ ಮಧ್ಯಾಹ್ನ, 27 ಡಿಗ್ರಿ ಮತ್ತು ಶೇಕಡ 40ರ ಆರ್ದ್ರತೆಯಲ್ಲಿ, ಅದೇ ಆಗಬೇಕಾದರೆ 12 ಡಿಗ್ರಿಯವರೆಗೆ ತಣಿಯಬೇಕು. ಎನ್‌ಸಿ ಬಣ್ಣದ ಥಿನ್ನರ್ ರಭಸದಿಂದ ಹಾರುವಾಗ ಮೇಲ್ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಕೊಚ್ಚಿಯ ಹವೆಯಲ್ಲಿ ಆ ನಾಲ್ಕು ಡಿಗ್ರಿ ಇಳಿಯುವುದು ಏನೂ ಕಷ್ಟವಲ್ಲ. ಹನಿಗಳು ಬಣ್ಣದೊಳಗೆ ಸಿಕ್ಕಿಕೊಂಡು ಮೈ ಬಿಳಿಚಿಕೊಳ್ಳುತ್ತದೆ. ಟರ್ಪೆಂಟೈನ್ ನಿಧಾನವಾಗಿ ಆರುವುದರಿಂದ ಎನಾಮಲ್‌ಗೆ ಈ ಕಾಟ ಕಡಿಮೆ. ಆದರೆ ರಾತ್ರಿ ಬಯಲಲ್ಲಿ ನಿಂತ ಕಾರಿನ ತಗಡು ಗಾಳಿಗಿಂತ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ, ಸಂಜೆ ಹಚ್ಚಿದ ಕೋಟಿನ ಹೊಳಪು ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಬೆಳಗಿನ ತೇವ ಆರಿದ ಮೇಲೆ ಆರಂಭಿಸಿ ಮಧ್ಯಾಹ್ನ ಮೂರರೊಳಗೆ ಮುಗಿಸುವುದು ಕ್ಷೇಮ, ಅದೂ ನೆರಳಿನಲ್ಲಿ. ಬಿಸಿಲಿಗೆ ಕಾದ ತಗಡಿನ ಮೇಲೆ ಬಣ್ಣ ಸಮವಾಗುವ ಮೊದಲೇ ಬಿಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ, ಅಕ್ಟೋಬರ್, ನವೆಂಬರಿನಲ್ಲಿ ಸಂಜೆಯ ಗುಡುಗುಮಳೆ. ಹೀಗಾಗಿ ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲವೇ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಉಪ್ಪಿನ ಕತೆ ಇನ್ನೂ ಸೂಕ್ಷ್ಮ. ಅಡುಗೆ ಉಪ್ಪು ಶೇಕಡ 75ರ ಆರ್ದ್ರತೆ ದಾಟಿದ ಗಾಳಿಯಲ್ಲಿ ತಾನೇ ನೀರು ಹೀರಿ ಕರಗುತ್ತದೆ. ಕಡಲಗಾಳಿ ತಂದು ಕೂರಿಸಿದ ಉಪ್ಪಿನ ಕಣಗಳು ಮಳೆ ಬಾರದ ದಿನವೂ ತಗಡನ್ನು ಒದ್ದೆಯಾಗಿ ಇಡುತ್ತವೆ. ಅವನ್ನು ತೊಳೆಯದೆ ಬಣ್ಣ ಹಚ್ಚಿದರೆ, ಪದರದ ಮೂಲಕ ನುಸುಳುವ ನೀರನ್ನು ಒಳಗಿನ ಉಪ್ಪು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಹಾಗಾಗಿ ಮೊದಲ ಕೆಲಸ ಸೋಪಿನ ನೀರು, ಆಮೇಲೆ ಧಾರಾಳ ಸಿಹಿನೀರು. ತುಕ್ಕು ಕಂಡಲ್ಲಿ 80 ಅಥವಾ 120ನೇ ನಂಬರಿನ ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಬೇಕು. ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕ ಹಚ್ಚಿದರೆ ಅದು ತುಕ್ಕನ್ನು ಕರಗದ ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಬರಿ ಮೈ ತೆರೆದುಕೊಂಡ ತಗಡಿಗೆ ಈ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕಿನ ಛಾಯೆ ಬರುತ್ತದೆ. ಅದೇ ದಿನ ಪ್ರೈಮರ್ ಬೀಳಲೇಬೇಕು. ರೆಡ್ ಆಕ್ಸೈಡ್ ಅಗ್ಗ, ಎಪಾಕ್ಸಿ ಪ್ರೈಮರ್ ದುಬಾರಿ. ಕಡಲ ತೀರದಲ್ಲಿ ಎಪಾಕ್ಸಿಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ನೆಗ್ಗಿದ ಕಡೆ ತುಂಬುವ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಆದ್ದರಿಂದ ಅದನ್ನು ಒಣದಾಗಿಯೇ ಉಜ್ಜಿ ಕೂಡಲೇ ಪ್ರೈಮರಿನಿಂದ ಮುಚ್ಚಬೇಕು. ಇಷ್ಟು ಮಾಡದೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವವರೇ ಹೆಚ್ಚು. ಆರು ತಿಂಗಳಲ್ಲಿ ಚಕ್ರದ ಕಮಾನಿನ ಅಂಚು ಎದ್ದುಬಂದಾಗ ರೋಲರನ್ನು ದೂರುತ್ತಾರೆ.

ಉಳಿದ ಕೆಲಸ ಸರಳ. 400ರ ಪೇಪರಿನಲ್ಲಿ ಮೈಯೆಲ್ಲ ಮಂಕಾಗುವಂತೆ ಉಜ್ಜಿ, ಒರೆಸಿ, ಗಾಜು, ರಬ್ಬರುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದು. ಬಣ್ಣವನ್ನು ಹಾಲಿನ ಹದಕ್ಕಿಂತ ತುಸು ಗಟ್ಟಿಯಾಗಿ ಕದಡಿಕೊಂಡು ಒಂದೊಂದೇ ಭಾಗವನ್ನು, ಒಂದು ಬಾಗಿಲು ಅಥವಾ ಅರ್ಧ ಬಾನೆಟ್, ನಿಲ್ಲಿಸದೆ ಮುಗಿಸುವುದು. ಗಾಳಿಗುಳ್ಳೆ ಎದ್ದರೆ ರೋಲರಿನ ಭಾರ ಮಾತ್ರ ಬೀಳುವಂತೆ ಇನ್ನೊಮ್ಮೆ ಹಗುರವಾಗಿ ಆಡಿಸಿದರೆ ಒಡೆಯುತ್ತವೆ. ಮೊದಲ ಕೋಟ್ ನೋಡಿ ಎದೆಗುಂದಬಾರದು, ಹಳೆಯ ಬಣ್ಣ ಅದರೊಳಗಿಂದ ಇಣುಕುತ್ತಲೇ ಇರುತ್ತದೆ. ಎರಡೆರಡು ಕೋಟಿಗೊಮ್ಮೆ 600, ಆಮೇಲೆ 800, 1000ದ ವಾಟರ್ ಪೇಪರ್. ಕೊನೆಯ ಕೋಟ್ ಬಿದ್ದು ಎರಡು ಮೂರು ವಾರ ಬಿಟ್ಟು 1500, 2000, ಬಳಿಕ ರಬ್ಬಿಂಗ್ ಕಾಂಪೌಂಡ್ ಮತ್ತು ಪಾಲಿಶ್. ಅಂಚುಗಳಲ್ಲಿ ಬಣ್ಣ ತೆಳ್ಳಗಿರುವುದರಿಂದ ಅಲ್ಲಿ ಕೈ ಹಗುರಾಗಿರಬೇಕು.

ಯಾವ ಬಣ್ಣ ಎಂಬುದರಲ್ಲೂ ವಿಜ್ಞಾನವಿದೆ. ಬಿಳಿ ಬಣ್ಣದ ಜೀವಾಳ ಟೈಟಾನಿಯಂ ಡೈಆಕ್ಸೈಡ್. ಬೆಳಕಿನ ಅಲೆಯುದ್ದದ ಅರ್ಧದಷ್ಟು, ಅಂದರೆ ಮೈಕ್ರಾನಿನ ಕಾಲುಭಾಗದಷ್ಟಿರುವ ಅದರ ಕಣಗಳು ಬೆಳಕನ್ನು ಜೋರಾಗಿ ಚದರಿಸಿ ಕೆಳಗಿನದನ್ನು ಮರೆಮಾಡುತ್ತವೆ. ಇದರ ಕಚ್ಚಾ ಅದಿರು ಇಲ್ಮನೈಟ್ ಕೇರಳದ ದಕ್ಷಿಣ ಕರಾವಳಿಯ ಕಪ್ಪು ಮರಳಿನಲ್ಲೇ ಇದೆ. ತಿರುವನಂತಪುರದ ಕೊಚ್ಚುವೇಳಿಯಲ್ಲಿರುವ, 1946ರಲ್ಲಿ ಸ್ಥಾಪನೆಯಾದ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ ಹೆಸರಾಗಿದೆ; ಕೊಲ್ಲಂ ಜಿಲ್ಲೆಯ ಚವರದ ಕೇರಳ ಮಿನರಲ್ಸ್ ಆಂಡ್ ಮೆಟಲ್ಸ್ ರೂಟೈಲ್ ರೂಪವನ್ನು ತಯಾರಿಸುತ್ತದೆ. ಎರಡೂ ಒಂದೇ ರಾಸಾಯನಿಕ, ಸ್ಫಟಿಕದ ಜೋಡಣೆ ಮಾತ್ರ ಬೇರೆ. ಅನಟೇಸ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಸಿಕ್ಕಿದಾಗ ಸುತ್ತಲಿನ ರಾಳವನ್ನೇ ಒಡೆಯುತ್ತದೆ, ಬಣ್ಣ ಸೀಮೆಸುಣ್ಣದ ಪುಡಿಯಂತೆ ಕೈಗೆ ಬರುತ್ತದೆ. ರೂಟೈಲ್ ಈ ವಿಷಯದಲ್ಲಿ ಸಾಧು, ಮರೆಮಾಡುವ ಶಕ್ತಿಯಲ್ಲೂ ಮೇಲು. ಹೀಗಾಗಿ ಒಳಾಂಗಣಕ್ಕೆ ಎಂದು ಬರೆದ ಬಿಳಿ ಎನಾಮಲ್ ಕಾರಿಗೆ ಸಲ್ಲದು, ಹೊರಾಂಗಣದ್ದೇ ಬೇಕು. ಬಿಳಿ, ಕಪ್ಪು, ಕಡುನೀಲಿ ರೋಲರಿಗೆ ಒಗ್ಗುತ್ತವೆ. ಶುದ್ಧ ಕೆಂಪು, ಹಳದಿ ಮರೆಮಾಡುವುದರಲ್ಲಿ ದುರ್ಬಲವಾದ್ದರಿಂದ ಕೋಟುಗಳ ಸಂಖ್ಯೆ ಏರುತ್ತದೆ. ಮೆಟಾಲಿಕ್ ಬಣ್ಣದ ಆಸೆಯನ್ನು ಬಿಟ್ಟುಬಿಡಬೇಕು. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಒಂದೇ ಸಮನಾಗಿ ಮಲಗಿದರೆ ಮಾತ್ರ ಮಿಂಚು; ರೋಲರ್ ಅವನ್ನು ದಿಕ್ಕಾಪಾಲಾಗಿ ತಿರುಗಿಸಿ ಮೈಯನ್ನು ಮಚ್ಚೆಮಚ್ಚೆ ಮಾಡುತ್ತದೆ. ಈಗಿನ ಕಾರುಗಳ ಪ್ಲಾಸ್ಟಿಕ್ ಬಂಪರಿಗೂ ಎನಾಮಲ್ ನೇರವಾಗಿ ಹಿಡಿಯುವುದಿಲ್ಲ.

ಕಾರ್ಖಾನೆಯ ಬಣ್ಣದೊಂದಿಗೆ ಇದನ್ನು ತೂಗಿ ನೋಡುವುದು ನ್ಯಾಯವಲ್ಲ. ಅಲ್ಲಿ ಫಾಸ್ಫೇಟ್ ಸ್ನಾನ, ವಿದ್ಯುತ್ತಿನಿಂದ ಕೂರಿಸಿ 160 ಡಿಗ್ರಿಗೂ ಮೇಲೆ ಬೇಯಿಸಿದ ಪ್ರೈಮರ್, ಬೇಸ್ ಕೋಟ್, ಅದರ ಮೇಲೆ ಪಾರದರ್ಶಕ ಕೋಟ್, ಎಲ್ಲ ಸೇರಿ ನೂರು ಮೈಕ್ರಾನಿಗೂ ಹೆಚ್ಚು ದಪ್ಪದ ಕವಚ. ಎನಾಮಲ್ ಅದಕ್ಕಿಂತ ಮೆದು, ಪೆಟ್ರೋಲ್ ಚೆಲ್ಲಿದರೆ ಕಲೆ ಹಿಡಿಯಬಹುದು, ಕೇರಳದ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹೊಳಪು ಕಳೆದುಕೊಳ್ಳುತ್ತದೆ. ಇದರ ಮೇಲೆ ಮುಂದೆಂದಾದರೂ ಎನ್‌ಸಿ ಅಥವಾ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಹೋದರೆ ಅವುಗಳ ಖಾರವಾದ ಥಿನ್ನರಿಗೆ ಎನಾಮಲ್ ಸುಕ್ಕುಗಟ್ಟಿ ಏಳುತ್ತದೆ, ಪೂರ್ತಿ ಕೆರೆದೇ ತೆಗೆಯಬೇಕು. ಮಾರಾಟಕ್ಕಿಡುವ ಕಾರಿಗೆ ಇದು ಸಲ್ಲದು. ಇನ್ನು ಕೆಲವು ವರ್ಷ ಓಡಿಸಿ ಗುಜರಿಗೆ ಹಾಕಬೇಕೆಂದಿರುವ, ತಗಡು ಉಳಿದರೆ ಸಾಕೆನಿಸಿರುವ ಕಾರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಅಕ್ಕಪಕ್ಕ ಒತ್ತಾಗಿ ಮನೆಗಳಿರುವ ಎಡಪ್ಪಳ್ಳಿಯಂಥ ಕಡೆ ರೋಲರಿಗೆ ಇನ್ನೊಂದು ಅನುಕೂಲವಿದೆ. ಮಾಮೂಲಿ ಗನ್ನಿನಿಂದ ಹೊರಟ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರಿಗೆ ತಗುಲದೆ ಮಂಜಾಗಿ ಹಾರಿ ನೆರೆಮನೆಯ ಕಾರು, ಒಣಹಾಕಿದ ಬಟ್ಟೆಗಳ ಮೇಲೆ ಕೂರಬಹುದು. ರೋಲರಿನಲ್ಲಿ ಬಹುತೇಕ ಎಲ್ಲವೂ ತಗಡಿಗೇ ಸೇರುತ್ತದೆ. ಹಾಗೆಂದು ಅಪಾಯವಿಲ್ಲದಿಲ್ಲ. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು ಪದರಗಳಲ್ಲಿ ಸೀಸದ ಕ್ರೋಮೇಟ್ ಇರಬಹುದು, ಅವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ ನೀರು ಹಾಕಿಯೇ ಉಜ್ಜಬೇಕು. ಆ ಕೆಸರನ್ನೂ ಮಿಕ್ಕ ಟರ್ಪೆಂಟೈನನ್ನೂ ಅಂಗಳದಲ್ಲಿ ಚೆಲ್ಲಬಾರದು. ಕೇರಳದ ಮನೆಗಳಲ್ಲಿ ಕುಡಿಯುವ ನೀರಿನ ಬಾವಿ ಸಾಮಾನ್ಯವಾಗಿ ಅದೇ ಅಂಗಳದಲ್ಲಿರುತ್ತದೆ. ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯುವುದೂ ತಪ್ಪು. ಎಣ್ಣೆ ಆಮ್ಲಜನಕದೊಡನೆ ಸೇರುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಉಳಿದು ಬೆಂಕಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು.

ಹಳೆಯ ಬಣ್ಣವನ್ನೇ ಮತ್ತೆ ಹಚ್ಚಿದರೆ ಯಾರನ್ನೂ ಕೇಳಬೇಕಿಲ್ಲ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ನಮೂದಾಗಿರುವ ಬಣ್ಣವನ್ನು ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಬೇಕು. ಸೇನೆಯ ಆಲಿವ್ ಹಸಿರನ್ನು ಮಾತ್ರ ಹಚ್ಚುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮ ಅದನ್ನು ರಕ್ಷಣಾ ವಾಹನಗಳಿಗೆ ಮೀಸಲಿಟ್ಟಿದೆ.