ಗ್ಯಾರೇಜಿನಲ್ಲಿ ಸಾಧು, ಹೈವೇಯಲ್ಲಿ ಕೆಂಡ

"ಊರೊಳಗ ಓಡಿಸಿದ್ರ ಏನೂ ಇಲ್ಲ ಸರ್. ಹೈವೇ ಹತ್ತಿ ಸ್ವಲ್ಪ ಹೊತ್ತಿಗೆ ಹೀಟ್ ಮುಳ್ಳು ಮೇಲಕ್ಕ ಹೋಗ್ತೈತಿ. ಗ್ಯಾರೇಜಿಗೆ ಒಯ್ದು ಸ್ಟಾರ್ಟ್ ಮಾಡಿ ಎಷ್ಟೊತ್ತು ನಿಲ್ಲಿಸಿದ್ರೂ ಸುಮ್ನ ಇರ್ತೈತಿ. ಟರ್ಬೋನೇ ತೆಗೆಸಿಬಿಡ್ಲಾ?"

ಹರಿಹರದ ಓದುಗರೊಬ್ಬರ ಪ್ರಶ್ನೆ ಇದು. ಅವರ ಡೀಸೆಲ್ ಕಾರಿಗೆ ಈಗಾಗಲೇ ಹೊಸ ವಾಟರ್ ಪಂಪ್ ಬಿದ್ದಿದೆ, ಫ್ಯಾನ್ ಮೋಟರ್ ಬದಲಾಗಿದೆ, ಸೆನ್ಸರ್ ಬದಲಾಗಿದೆ. ಥರ್ಮೋಸ್ಟ್ಯಾಟನ್ನಂತೂ "ದಾವಣಗೆರೆ ಬಿಸಿಲಿಗೆ ಇದ್ಯಾತಕ್ಕ" ಎಂದು ಕಿತ್ತು ಕೈಗೆ ಕೊಟ್ಟಿದ್ದಾರಂತೆ. ದುಡ್ಡು ಹೋಯಿತು, ಹೀಟ್ ಹೋಗಲಿಲ್ಲ.

ಟರ್ಬೋ ತೆಗೆಸುವುದು ಬೇಡ. ತೆಗೆದರೆ ಕಾರು ಹೊಗೆ ಉಗುಳುತ್ತಾ ಎತ್ತಿನಗಾಡಿಯ ಹಿಂದೆ ಬೀಳುತ್ತದೆ. ಅಸಲಿಗೆ ಅವರ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ: ಗ್ಯಾರೇಜಿನಲ್ಲಿ ಸುಮ್ಮನಿರುವ ಕಾರು ಹೈವೇಯಲ್ಲಿ ಯಾಕೆ ಕಾಯುತ್ತದೆ? ಟರ್ಬೋ ಕಾರಿನ ವಿಷಯದಲ್ಲಿ ನಮ್ಮ ಅನೇಕ ಮೆಕ್ಯಾನಿಕ್‌ಗಳು ಎಡವುವುದು ಇಲ್ಲೇ. ನಿಂತಲ್ಲೇ ಎಂಜಿನ್ ಓಡಿಸಿ, ಬಾನೆಟ್ ಎತ್ತಿ, ಬಗ್ಗಿ ನೋಡಿದರೆ ಕಾಯಿಲೆ ಕಾಣಿಸುವುದಿಲ್ಲ. ಆಗ ಟರ್ಬೋ ತಿರುಗುತ್ತಿರುತ್ತದೆ ಅಷ್ಟೆ, ಒತ್ತಡ ಕಟ್ಟುವುದಿಲ್ಲ.

ಲೆಕ್ಕ ಸರಳ. ಸಾಧಾರಣ ಡೀಸೆಲ್ ಕಾರು ನಿಂತಲ್ಲೇ ಒಂದು ತಾಸು ಓಡಿದರೆ ಮುಕ್ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ. ಅದೇ ಕಾರು 100ರ ವೇಗದಲ್ಲಿ ತಾಸಿಗೆ ಆರು ಲೀಟರಿನಷ್ಟು ಸುಡುತ್ತದೆ, ಅಂದರೆ ಎಂಟು ಪಟ್ಟು ಬೆಂಕಿ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಚಕ್ರಕ್ಕೆ, ಒಂದು ಪಾಲು ಸೈಲೆನ್ಸರಿಗೆ, ಉಳಿದ ಪಾಲು ರೇಡಿಯೇಟರಿನ ತಲೆಗೆ. ವೇಗವನ್ನು 80ರಿಂದ 100ಕ್ಕೆ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಪಿ.ಬಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಹೇಗೋ ಮರ್ಯಾದೆ ಉಳಿಸಿಕೊಳ್ಳುತ್ತದೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕೈಚೆಲ್ಲುತ್ತದೆ.

ಟರ್ಬೋದ ಪಾಲು ಇದರಲ್ಲಿ ಎಷ್ಟು? ಸೈಲೆನ್ಸರಿಗೆ ಹೋಗಿ ಹಾಳಾಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುವ ಯೋಚನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಪೇಟೆಂಟ್ ಪಡೆದದ್ದು 1905ರಲ್ಲಿ. ಅದು ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. 1926ರಲ್ಲಿ ಜರ್ಮನಿಯ 'ಪ್ರಾಯ್ಸೆನ್' ಮತ್ತು 'ಹನ್ಸೆಸ್ಟಾಟ್ ಡಾನ್ಸಿಗ್' ಎಂಬ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್‌ಗಳು 1,750 ಅಶ್ವಶಕ್ತಿಯಿಂದ 2,500ಕ್ಕೆ ಜಿಗಿದದ್ದು ಬ್ಯೂಚಿಯ ಟರ್ಬೋದಿಂದ. ಅಲ್ಲಿಗೂ ಎಂಜಿನ್ ಅದೇ, ಸಿಲಿಂಡರ್ ಅದೇ. ಹೆಚ್ಚು ಗಾಳಿ ಹೋಯಿತು, ಹೆಚ್ಚು ಎಣ್ಣೆ ಉರಿಯಿತು, ಹೆಚ್ಚು ಶಕ್ತಿ ಬಂತು, ಅದರ ಹಿಂದೆಯೇ ಹೆಚ್ಚು ಶಾಖವೂ ಬಂತು. ಟರ್ಬೋ ತಾನಾಗಿ ಎಂಜಿನ್ನನ್ನು ಕಾಯಿಸುವುದಿಲ್ಲ, ನಿಮ್ಮ ಬಲಗಾಲು ಕೇಳಿದ್ದನ್ನು ಕೊಡುತ್ತದೆ. ಆದರೆ ಕೂಲಿಂಗಿನಲ್ಲಿ ಎಲ್ಲೋ ಒಂದು ಸಣ್ಣ ಕೊರತೆ ಇದ್ದರೆ ಅದನ್ನು ಬಯಲಿಗೆ ಎಳೆಯುವುದು ಮಾತ್ರ ಈ ಟರ್ಬೋನೇ.

ಕೂಲಿಂಗ್ ಅರ್ಥವಾಗಬೇಕಾದರೆ ಅಡುಗೆಮನೆಯ ಕುಕ್ಕರ್ ಸಾಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಆರಾಮಾಗಿ ಕೆಲಸ ಮಾಡುವುದು 90ರಿಂದ 100 ಡಿಗ್ರಿಯಲ್ಲಿ. ಬರೀ ತೆರೆದ ನೀರು ತುಂಬಿದ್ದರೆ ನಮ್ಮ ಕಾರುಗಳೆಲ್ಲ ಬೇಸಿಗೆಯಲ್ಲಿ ಆವಿಯಂತ್ರಗಳಾಗುತ್ತಿದ್ದವು. ಇದನ್ನು ತಪ್ಪಿಸುವುದು ರೇಡಿಯೇಟರಿನ ಮುಚ್ಚಳ. ಅದರ ಮೇಲೆ 0.9 ಅಥವಾ 1.1 ಎಂದು ಅಚ್ಚೊತ್ತಿರುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚಾಗುವವರೆಗೆ ಬಾಯಿ ಬಿಡುವುದಿಲ್ಲ ಎಂದು ಅದರ ಅರ್ಥ. 1.1ರ ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಅರ್ಧದಷ್ಟು ಕೂಲೆಂಟ್ ಬೆರೆತಿದ್ದರೆ ಇನ್ನೂ ಆರೇಳು ಡಿಗ್ರಿ ಹೆಚ್ಚು.

ಕುಕ್ಕರ್ ಕಂಡುಹಿಡಿದವನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ಪಂಡಿತ, 1679ರಲ್ಲಿ, ಲಂಡನ್ನಿನಲ್ಲಿ. ಗಟ್ಟಿ ಮೂಳೆಯನ್ನೂ ಬೇಯಿಸಿ ಬೆಣ್ಣೆಯಂತೆ ಮಾಡುವ ಪಾತ್ರೆ ಎಂದು ಅದನ್ನು ಹೇಳಿಕೊಳ್ಳುತ್ತಿದ್ದ. 1682ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿದ ಊಟವನ್ನೂ ಬಡಿಸಿದ. ಉಂಡವರಲ್ಲಿ ಒಬ್ಬನಾದ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಆ ಊಟದ ವಿಷಯ ಬರೆದಿಟ್ಟಿದ್ದಾನೆ. ಪಾತ್ರೆ ಸಿಡಿಯಬಾರದೆಂದು ಪಾಪಿನ್ ಅದಕ್ಕೊಂದು ಸನ್ನೆಕೋಲಿನ ಸೇಫ್ಟಿ ವಾಲ್ವ್ ಜೋಡಿಸಿದ್ದ. ನಮ್ಮ ಕುಕ್ಕರಿನ ವೆಯ್ಟೂ ರೇಡಿಯೇಟರ್ ಮುಚ್ಚಳದ ಸ್ಪ್ರಿಂಗೂ ಅದೇ ವಂಶದವು. ಹಾಗಾಗಿ ಮುಚ್ಚಳದ ರಬ್ಬರ್ ಒಣಗಿ ಸೀಳು ಬಿಟ್ಟರೆ ಆಗುವುದೂ ಅದೇ: ಗ್ಯಾಸ್ಕೆಟ್ ಹೋದ ಕುಕ್ಕರಿನಂತೆ ಸುತ್ತಲೂ ಆವಿ ಬಿಡುತ್ತದೆ, ಒಳಗಿನ ನೀರು 98-100ಕ್ಕೇ ಕುದಿಯಲು ಶುರುವಾಗುತ್ತದೆ. ಕೆಲವೇ ನೂರು ರೂಪಾಯಿಯ ಮುಚ್ಚಳವನ್ನು ನೋಡದೆ ಸಾವಿರಾರು ರೂಪಾಯಿಯ ಪಂಪ್ ಬದಲಿಸುವುದು ನಡೆದೇ ಇದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾಕೆ ತೆಗೆಯಬಾರದು ಎಂಬುದಕ್ಕೂ ಕಾರಣ ಇದೇ. 115 ಡಿಗ್ರಿಯ ನೀರಿನ ಮೇಲಿಂದ ಒತ್ತಡ ತೆಗೆದುಬಿಟ್ಟರೆ ಅದು ಆ ಕ್ಷಣಕ್ಕೇ ಕುದಿದು ಮುಖಕ್ಕೆ ಹಾರುತ್ತದೆ.

ಇನ್ನು ಆ ಕಿತ್ತುಹಾಕಿದ ಥರ್ಮೋಸ್ಟ್ಯಾಟ್. ಬೆರಳಗಲದ ಒಂದು ತಾಮ್ರ ಅಥವಾ ಹಿತ್ತಾಳೆಯ ಡಬ್ಬಿ, ಅದರೊಳಗೆ ಮೇಣ. 82 ಅಥವಾ 88 ಡಿಗ್ರಿಗೆ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ಇದಕ್ಕೆ ಮುಂಚೆ ಮದ್ಯಸಾರದಂಥ ದ್ರವ ತುಂಬಿದ ಬೆಲೋಸ್ ಬಳಕೆಯಲ್ಲಿತ್ತು. ಆದರೆ ಕೂಲಿಂಗಿನಲ್ಲಿ ಒತ್ತಡ ಏರಿದಾಗ ಅದು ಮುದುಡಿ ಲೆಕ್ಕ ತಪ್ಪುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆಟ್ ಮೇಣದ ಉಪಾಯ ತಂದ. ಹೊರಗೆ ಒತ್ತಡ ಎಷ್ಟೇ ಇರಲಿ, ಮೇಣಕ್ಕೆ ಲೆಕ್ಕವಿಲ್ಲ. ತೊಂಬತ್ತು ವರ್ಷವಾಯಿತು, ಬಹುಪಾಲು ಕಾರುಗಳಲ್ಲಿ ಇವತ್ತಿಗೂ ಅದೇ ಮೇಣ.

ಬಾಗಿಲೇ ಇಲ್ಲದಿದ್ದರೆ ನೀರು ಸದಾ ಹರಿಯುತ್ತದೆ, ಎಂಜಿನ್ ತಣ್ಣಗಿರುತ್ತದೆ ಎಂಬುದು ಕಿತ್ತವರ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಅನೇಕ ಎಂಜಿನ್‌ಗಳ ಥರ್ಮೋಸ್ಟ್ಯಾಟಿಗೆ ಎರಡು ಬಿಲ್ಲೆಗಳಿರುತ್ತವೆ. ಮೇಲಿನದು ರೇಡಿಯೇಟರಿನ ದಾರಿ ತೆರೆಯುವಾಗ ಕೆಳಗಿನದು ಬೈಪಾಸಿನ ದಾರಿ ಮುಚ್ಚುತ್ತದೆ. ಕಿತ್ತುಬಿಟ್ಟರೆ ಬೈಪಾಸ್ ಸದಾ ತೆರೆದಿರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನೊಳಗೆ ಸುತ್ತುತ್ತದೆ. ಊರೊಳಗೆ ಎಂಜಿನ್ ಬೇಕಾದಷ್ಟು ಕಾಯುವುದಿಲ್ಲ, ಹೈವೇಯಲ್ಲಿ ಬೇಡದಷ್ಟು ಕಾಯುತ್ತದೆ. ಬಿಎಸ್-6 ಡೀಸೆಲ್ಲಾದರೆ ಇನ್ನೊಂದು ಫಜೀತಿ: ಎಂಜಿನ್ ಸರಿಯಾಗಿ ಬಿಸಿಯಾಗದೆ ಹೊಗೆ ಸೋಸುವ ಫಿಲ್ಟರ್ ತನ್ನ ಮಸಿಯನ್ನು ಸುಟ್ಟುಕೊಳ್ಳುವುದಿಲ್ಲ. ಹರಿಹರದ ಓದುಗರು ಮೊದಲು ಮಾಡಬೇಕಾದ ಕೆಲಸ ಹೊಸ ಥರ್ಮೋಸ್ಟ್ಯಾಟ್ ಹಾಕಿಸುವುದು. ಹಾಕುವ ಮುಂಚೆ ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಬಹುದು. ತಳದಲ್ಲಿ ಗುಳ್ಳೆ ಏಳುವ ಹೊತ್ತಿಗೆ ಬಿಲ್ಲೆ ಮೆಲ್ಲಗೆ ಎದ್ದು ಕೂರುವುದನ್ನು ನೋಡಲು ಮಕ್ಕಳನ್ನೂ ಕರೆಯಿರಿ.

ಆಮೇಲೆ ಕಾರನ್ನು ರಸ್ತೆಗೆ ಒಯ್ಯಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಅನೇಕ ಕಾರುಗಳಲ್ಲಿ ಅದು 80 ಡಿಗ್ರಿಗೂ ನಡುವೆ, 100 ಡಿಗ್ರಿಗೂ ನಡುವೆಯೇ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ, ಗಿರಾಕಿ ಗಾಬರಿಯಾಗದಿರಲಿ ಎಂದು. ಅದು ಮೇಲೇರುವ ಹೊತ್ತಿಗೆ ತಡವಾಗಿರುತ್ತದೆ. ಸ್ಟೀರಿಂಗಿನ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಸ್ಕ್ಯಾನರ್, ಮೊಬೈಲಿನಲ್ಲೊಂದು ಆ್ಯಪ್ ಇದ್ದರೆ ನೀರಿನ ಬಿಸಿ, ಟರ್ಬೋದ ಒತ್ತಡ, ವೇಗ ಮೂರೂ ಅಂಕಿಯಲ್ಲಿ ಸಿಗುತ್ತವೆ. ಓದುವವರು ಪಕ್ಕದ ಸೀಟಿನಲ್ಲಿರಲಿ. ನಿಂತಾಗ, ಟ್ರಾಫಿಕ್ಕಿನಲ್ಲಿ ಬಿಸಿ ಏರಿ, ಓಡಿದಾಗ ಇಳಿದರೆ ತಪ್ಪು ಫ್ಯಾನಿನದು. ವೇಗದಲ್ಲಿ ಗಾಳಿ ತಾನಾಗಿ ನುಗ್ಗುವುದರಿಂದ ಫ್ಯಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಓಡುವಾಗ ಏರಿದರೆ ತಪ್ಪು ನೀರಿನ ಹರಿವಿನದು, ಇಲ್ಲವೇ ರೇಡಿಯೇಟರಿನದು, ಇಲ್ಲವೇ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟಿನದು. ಈ ಒಂದು ವಿಂಗಡಣೆ ಮಾಡಿದ್ದರೆ ಆ ಫ್ಯಾನ್ ಮೋಟರಿನ ಖರ್ಚು ಉಳಿಯುತ್ತಿತ್ತು.

ನೀರು ಪೂರ್ತಿ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಾ ಕಡಿಮೆ ಬಿಸಿ ತೋರಿಸುವುದೂ ಉಂಟು. ಎಂಜಿನ್ ಸುಡುತ್ತಿರುತ್ತದೆ, ಅಂಕಿ ಇಳಿಯುತ್ತಿರುತ್ತದೆ.

ರೇಡಿಯೇಟರ್ ಕಟ್ಟಿಕೊಳ್ಳಲು ನಮ್ಮ ಕಡೆ ಎರಡು ಕಾರಣ. ಒಳಗೆ ಬೋರ್‌ವೆಲ್ಲಿನ ಗಡಸು ನೀರು. ಗೀಸರಿನ ಕಾಯಿಲಿಗೆ ಹತ್ತುವ ಬಿಳಿ ಪದರವೇ ರೇಡಿಯೇಟರಿನ ಕೊಳವೆಗೂ ಹತ್ತುತ್ತದೆ. ಆ ಸುಣ್ಣದ ಪದರ ಅಲ್ಯೂಮಿನಿಯಮ್ಮಿನ ಸುಮಾರು ನೂರರಲ್ಲೊಂದು ಪಾಲಿನಷ್ಟು ಮಾತ್ರ ಶಾಖ ದಾಟಿಸುತ್ತದೆ. ಪೆಟ್ರೋಲ್ ಬಂಕಿನ ನಲ್ಲಿ ನೀರು ತುರ್ತಿಗೆ ಸರಿ, ದಿನವೂ ಬೇಡ. ಹಾಗೆಂದು ಕೂಲೆಂಟನ್ನು ನೀರೇ ಬೆರೆಸದೆ ಗಟ್ಟಿಯಾಗಿ ತುಂಬುವುದೂ ತಪ್ಪು. ಬರೀ ಗ್ಲೈಕಾಲ್ ನೀರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಾಖವನ್ನಷ್ಟೇ ಹೊರಬಲ್ಲದು. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಒಂದು ಬಾಟಲಿ ಸುರಿದರೆ ಲೀಕ್ ನಿಲ್ಲುತ್ತದೆ, ಎಂಜಿನ್ 'ಕೂಲ್' ಆಗುತ್ತದೆ ಎಂದು ಮಾರುವ ಸರಂಜಾಮಿನ ಮೇಲೆ ನನಗೆ ನಂಬಿಕೆಯಿಲ್ಲ. ಲೀಕಿನ ಸಂದು ಮುಚ್ಚುವ ಪುಡಿಗೆ ರೇಡಿಯೇಟರಿನ ಸಣ್ಣ ಕೊಳವೆಯೂ ಒಂದು ಸಂದೇ.

ಎರಡನೆಯ ಕಾರಣ ಹೊರಗಿನದು. ಟರ್ಬೋ ಕಾರಿನ ಮೂತಿಯಲ್ಲಿ ಏಸಿ ಕಂಡೆನ್ಸರ್, ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರ್, ರೇಡಿಯೇಟರ್ ಒಂದರ ಹಿಂದೊಂದು ಒತ್ತಿ ನಿಂತಿರುವುದುಂಟು. ದಾವಣಗೆರೆ ಸೀಮೆ ಮೆಕ್ಕೆಜೋಳದ ಸೀಮೆ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಕಾಳು ಹರವಿರುತ್ತಾರೆ, ಹೊಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ. ಮುಂದಿನಿಂದ ಬಗ್ಗಿ ನೋಡಿದರೆ ಕಂಡೆನ್ಸರ್ ಚೊಕ್ಕಟವಾಗಿ ಕಾಣುತ್ತದೆ. ಅದರ ಹಿಂದೆ, ರೇಡಿಯೇಟರಿನ ಎದುರಿಗೆ, ಕೆಂಪು ಹೊಟ್ಟು, ಧೂಳು, ರೆಕ್ಕೆಹುಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಎರಡನ್ನೂ ಬೇರೆ ಮಾಡದೆ ಇದು ಕಾಣುವುದೂ ಇಲ್ಲ, ಹೋಗುವುದೂ ಇಲ್ಲ. ತೊಳೆಯುವಾಗ ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ನನ್ನು ಹತ್ತಿರ ಹಿಡಿದರೆ ತೆಳುವಾದ ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ.

ದಾರಿಯಲ್ಲೇ ಬಿಸಿ ಏರಿದರೆ ಏಸಿ ಆರಿಸಿ, ವೇಗ ತಗ್ಗಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಮೇ ತಿಂಗಳಲ್ಲಿ ಕಷ್ಟವೇ, ಆದರೆ ಹೀಟರೂ ಒಂದು ಪುಟ್ಟ ರೇಡಿಯೇಟರ್. ಕೆಂಪು ದೀಪ ಹತ್ತಿದರೆ ಮಾತ್ರ ಮುಂದಿನ ಬಂಕಿನವರೆಗೆ ಎಂಬ ಆಸೆ ಬೇಡ, ಬದಿಗೆ ನಿಲ್ಲಿಸಿ ಆಫ್ ಮಾಡಿ.

ಇಷ್ಟೆಲ್ಲ ಸರಿಯಿದ್ದೂ, ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ಡೀಸೆಲ್ಲಿನಲ್ಲಿ ಹೊಗೆ ತಣಿಸುವ ಇಜಿಆರ್ ಕೂಲರ್ ಸೋರಿದರೂ ಹೀಗೇ ಆಗುತ್ತದೆ, ಅದನ್ನೂ ನೋಡಿಸಿ. ಟರ್ಬೋದ ಒತ್ತಡ ಏರಿದಾಗ ಸಿಲಿಂಡರಿನೊಳಗಿನ ಒತ್ತಡವೂ ಏರಿ, ಗ್ಯಾಸ್ಕೆಟ್ಟಿನ ಕೂದಲೆಳೆಯಷ್ಟು ಬಿರುಕಿನಿಂದ ಉರಿದ ಗ್ಯಾಸು ನೀರಿಗೆ ನುಗ್ಗುತ್ತದೆ. ಐಡಲಿಂಗಿನಲ್ಲಿ ಆ ಬಿರುಕು ಬಾಯಿ ಮುಚ್ಚಿಕೊಂಡಿರುತ್ತದೆ. ಇದನ್ನು ಹಿಡಿಯಲು ಒಂದು ಉಪಾಯ ಇದೆ. ಸಂಜೆ ಹೈವೇಯಲ್ಲಿ ಓಡಿಸಿ ಬಂದು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮುಚ್ಚಳ ತೆಗೆಯಿರಿ. ಒಳಗಿದ್ದದ್ದು ಬರೀ ಆವಿಯಾದರೆ ರಾತ್ರಿಯೇ ತಣ್ಣಗಾಗಿ ನೀರಾಗಿರುತ್ತದೆ, ಒತ್ತಡ ಉಳಿದಿರುವುದಿಲ್ಲ. ಉಸ್ ಎಂದು ಗಾಳಿ ಹೊರಬಂದರೆ ಅದು ತಣ್ಣಗಾದರೂ ನೀರಾಗದ ಗ್ಯಾಸು, ಸಿಲಿಂಡರಿನಿಂದ ಬಂದದ್ದು.

ಅದರ ಮೇಲೂ ಖಾತರಿ ಬೇಕಿದ್ದರೆ ಬ್ರೋಮೋಥೈಮಾಲ್ ಬ್ಲೂ ಇದೆ. ಪ್ರಯೋಗಶಾಲೆಯಲ್ಲಿ ಆಮ್ಲ-ಕ್ಷಾರ ಪರೀಕ್ಷಿಸುವ ಬಣ್ಣ. ಗಾಜಿನ ನಳಿಕೆಯಲ್ಲಿ ಇದನ್ನು ತುಂಬಿ ರೇಡಿಯೇಟರಿನ ಬಾಯಿಗೆ ಕೂರಿಸಿ, ಒಳಗಿನ ಗಾಳಿಯನ್ನು ರಬ್ಬರ್ ಬುರುಡೆಯಿಂದ ಅದರ ಮೂಲಕ ಎಳೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ದ್ರವದಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ, ನೀಲಿ ಬಣ್ಣ ಹಸಿರಾಗಿ ಹಳದಿಗೆ ತಿರುಗುತ್ತದೆ. ಹೆಡ್ ಇಳಿಸಲು ಒಪ್ಪುವ ಮುಂಚೆ ಈ ಬಣ್ಣ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಹೆಡ್ ಇಳಿಸಲೇಬೇಕಾದರೆ ಗ್ಯಾಸ್ಕೆಟ್ ಬದಲಿಸಿ ಮುಚ್ಚಿದರೆ ಮುಗಿಯಲಿಲ್ಲ. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುವುದರಿಂದ ಅತಿಯಾಗಿ ಕಾದ ಹೆಡ್ ಡೊಂಕಾಗಿರುತ್ತದೆ. ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಅನೇಕ ಎಂಜಿನ್‌ಗಳಿಗೆ 0.05 ಮಿಲಿಮೀಟರಿನಷ್ಟು ಸಂದೂ ಹೆಚ್ಚೇ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋದವು, ಮಿಲಿಮೀಟರಿನ ನೂರರಲ್ಲೊಂದು ಭಾಗ ಅಲ್ಲಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತಾಗಿತ್ತು. ಡೊಂಕು ತೆಗೆದು ಸಮ ಮಾಡುವ ಫೇಸಿಂಗ್ ಮುಗಿದು ಹೆಡ್ ವಾಪಸ್ ಬಂದ ಮೇಲೂ ಅದೇ ಗೇಜ್ ಇಟ್ಟು ನಿಮ್ಮೆದುರೇ ಅಳೆಸಿ. ಒಮ್ಮೆ ಬಿಗಿದರೆ ಎಳೆದುಕೊಳ್ಳುವ ಜಾತಿಯ ಹೆಡ್ ಬೋಲ್ಟ್‌ಗಳಾದರೆ ಹಳೆಯವನ್ನೇ ಮತ್ತೆ ಹಾಕಲು ಬಿಡಬೇಡಿ.