ಮೂತ್ರಪಿಂಡ ದಾನ: ಮನೆಯಲ್ಲಿ ಯಾರನ್ನು ಕೇಳಲಾಗುತ್ತದೆ?

ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆಯೆಂದು ವೈದ್ಯರು ತಿಳಿಸಿದ ದಿನದಿಂದ ಆ ಕುಟುಂಬದ ಮಾತುಕತೆಯೇ ಬದಲಾಗಿಬಿಡುತ್ತದೆ. ಮೊದಲು ಔಷಧ, ಪಥ್ಯ, ಹರಕೆಗಳ ವಿಚಾರ. ಅನಂತರ ಹಣದ ವಿಚಾರ. ಕೊನೆಗೆ, ಯಾರೂ ಬಾಯಿಬಿಟ್ಟು ಆಡದಿದ್ದರೂ ಎಲ್ಲರ ಮನಸ್ಸಿನಲ್ಲಿ ಸುಳಿದಾಡುವ ಪ್ರಶ್ನೆ: ಕೊಡುವವರು ಯಾರು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಹಳ್ಳಿಯವರಿಗೆ ಈ ಪ್ರಶ್ನೆ ಬಹುಬೇಗ ಎದುರಾಗುತ್ತದೆ. ಡಯಾಲಿಸಿಸ್ ಎಂದರೆ ವಾರಕ್ಕೆ 2 ಅಥವಾ 3 ಬಾರಿ, ಪ್ರತಿ ಸಲ ಸುಮಾರು 4 ಗಂಟೆಗಳ ಕಾಲ ಯಂತ್ರದ ಪಕ್ಕದಲ್ಲಿ ಮಲಗುವುದು. ಹೋಗಿಬರುವ ಬಸ್ಸಿನ ಪ್ರಯಾಣವನ್ನು ಸೇರಿಸಿದರೆ ಇಡೀ ದಿನವೇ ಕಳೆಯುತ್ತದೆ. ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಇಂತಹ ಕುಟುಂಬಕ್ಕೆ ಕಸಿ ಶಸ್ತ್ರಚಿಕಿತ್ಸೆಯು ಬಿಡುಗಡೆಯಂತೆ ಕಾಣುವುದು ಸಹಜವೇ.

ಬದುಕಿರುವ ಬಂಧುವಿನ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಕಸಿ ಮಾಡಿ ಯಶಸ್ವಿಯಾದದ್ದು ಮೊದಲ ಬಾರಿಗೆ 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ರೊನಾಲ್ಡ್ ಹೆರಿಕ್ ತನ್ನ ಅವಳಿ ಸೋದರ ರಿಚರ್ಡ್‌ಗೆ ಮೂತ್ರಪಿಂಡ ಕೊಟ್ಟನು. ಪಡೆದವನು 8 ವರ್ಷ ಬದುಕಿದನು. ಕೊಟ್ಟವನು 2010ರವರೆಗೂ ಜೀವಿಸಿದ್ದನು. ಶಸ್ತ್ರಚಿಕಿತ್ಸೆ ನಡೆಸಿದ ಡಾ. ಜೋಸೆಫ್ ಮರ್‍ರೆಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಚಿಕಿತ್ಸೆ ಸಫಲವಾಯಿತು. ಮುಂದೆ ಇದೇ ವಿದ್ಯೆಯ ಬೆನ್ನಿಗೆ ಬಡವರ ಮೂತ್ರಪಿಂಡಗಳ ವ್ಯಾಪಾರವೂ ಬೆಳೆಯಿತು. ಬೆಂಗಳೂರಿನ ಹೆಸರೂ ಅದರಲ್ಲಿ ಕೆಟ್ಟಿತು. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಮಾರಾಟವನ್ನು ಅಪರಾಧವೆಂದು ಸಾರಿತು.

ಆ ಕಾಯಿದೆಯಂತೆ ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಪತಿ, ಪತ್ನಿ ಇವರು ಹತ್ತಿರದ ಬಂಧುಗಳು. 2011ರ ತಿದ್ದುಪಡಿಯು ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ನಮ್ಮ ಮನೆಗಳಲ್ಲಿ ಸೋದರಮಾವನಿಗಿಂತ ಹತ್ತಿರದವರು ಯಾರು? ಆದರೆ ಕಾನೂನಿನ ಕಣ್ಣಿಗೆ ಆತ ಹೊರಗಿನವನೇ. ಅಂಥವರು ಕೊಡಬೇಕಾದರೆ, ಪ್ರೀತಿಯಿಂದಲೇ ಕೊಡುತ್ತಿರುವೆನೆಂದು ಅಧಿಕೃತ ಸಮಿತಿಯ ಮುಂದೆ ಮನಗಾಣಿಸಬೇಕಾಗುತ್ತದೆ. ಹತ್ತಿರದ ಬಂಧುಗಳಾದರೂ ಸಂಬಂಧಕ್ಕೆ ದಾಖಲೆ ಬೇಕು. ಊರಿನ ಮಠದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದ ದಂಪತಿಗಳು ಇಲ್ಲಿ ಅಲೆದಾಡುತ್ತಾರೆ. ಮದುವೆಯ ಭಾವಚಿತ್ರವೊಂದಿದ್ದರೂ ಜೋಪಾನವಾಗಿ ತೆಗೆದಿಡುವುದು ಒಳ್ಳೆಯದು.

ಕಾನೂನು ಒಪ್ಪಿದರೂ ದೇಹ ಒಪ್ಪಬೇಕು. ರಕ್ತದ ಗುಂಪು ಹೊಂದಬೇಕು. ಓ ಗುಂಪಿನವರು ಇತರ ಗುಂಪಿನವರಿಗೂ ಕೊಡಬಹುದು. ಒಡಹುಟ್ಟಿದವರಲ್ಲಿ ಅಂಗಾಂಶವು ಸಂಪೂರ್ಣ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು. ತಂದೆತಾಯಿಗಳದು ಅರ್ಧ ಹೊಂದಿಯೇ ಹೊಂದುತ್ತದೆ. ದಾನಿಗೆ ಸಕ್ಕರೆ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ ಇರಬಾರದು. ತಪಾಸಣೆಗೆ ಹೋದಾಗಲೇ ತನಗೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಹಿಂದಿರುಗುವ ಬಂಧುಗಳಿದ್ದಾರೆ. ಇನ್ನೂ ಮಕ್ಕಳಾಗಬೇಕಾದ ಹೆಣ್ಣುಮಕ್ಕಳು ಒಂದು ಸಂಗತಿಯನ್ನು ತಿಳಿದಿರಬೇಕು: ದಾನದ ನಂತರ ಗರ್ಭಿಣಿಯಾದವರಲ್ಲಿ ರಕ್ತದೊತ್ತಡ ಏರುವ ಸಂಭವ ಸ್ವಲ್ಪ ಹೆಚ್ಚು.

ಶಸ್ತ್ರಚಿಕಿತ್ಸೆಯ ಬಗೆಗಿನ ಭಯವನ್ನು ಅಂಕಿಗಳಿಂದಲೇ ಅಳೆಯುವುದು ಮೇಲು. ಇಂದು ಬಹುಪಾಲು ಕಡೆ ಸಣ್ಣ ರಂಧ್ರಗಳ ಮೂಲಕ, ದೂರದರ್ಶಕದ ನೆರವಿನಿಂದ ಮೂತ್ರಪಿಂಡವನ್ನು ಬಿಡಿಸುತ್ತಾರೆ. ಈ ವಿಧಾನ ಮೊದಲಾದದ್ದು 1995ರಲ್ಲಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 10,000 ದಾನಿಗಳಲ್ಲಿ ಸುಮಾರು 3 ಮಂದಿ ಶಸ್ತ್ರಚಿಕಿತ್ಸೆಯ ನಂತರದ 3 ತಿಂಗಳೊಳಗೆ ಮೃತಪಟ್ಟಿದ್ದರು. ಈಚೆಗೆ ಆ ಪ್ರಮಾಣ ಮತ್ತಷ್ಟು ಇಳಿದಿದೆ. ಉಳಿದ ಒಂದು ಮೂತ್ರಪಿಂಡವು ಹಿಗ್ಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಮುಕ್ಕಾಲು ಭಾಗದಷ್ಟನ್ನು ನಿರ್ವಹಿಸುತ್ತದೆ. ಅಪಾಯವೇ ಇಲ್ಲವೆಂದು ಹೇಳುವವರನ್ನು ನಂಬಬೇಕಾಗಿಲ್ಲ. 2014ರ ಅಧ್ಯಯನದ ಅಂದಾಜಿನಂತೆ, ಜೀವಮಾನದಲ್ಲಿ ಮೂತ್ರಪಿಂಡ ವೈಫಲ್ಯಕ್ಕೆ ಗುರಿಯಾಗುವವರು 10,000 ದಾನಿಗಳಲ್ಲಿ 90. ಅಷ್ಟೇ ಆರೋಗ್ಯವಂತರಾದ, ದಾನ ಮಾಡದವರಲ್ಲಿ 14. ಎರಡೂ ಸಣ್ಣ ಸಂಖ್ಯೆಗಳೇ, ಆದರೆ ಒಂದೇ ಅಲ್ಲ.

ಪಡೆದವರಿಗೂ ಕಸಿಯು ಶಾಶ್ವತವಾದ ವರವಲ್ಲ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳನ್ನು ದಿನವೂ ತಪ್ಪದೆ ನುಂಗಬೇಕು. ಹಣವಿಲ್ಲವೆಂದು ಒಂದು ತಿಂಗಳು ಬಿಟ್ಟರೆ ತಾಯಿ ಕೊಟ್ಟದ್ದೂ ಹೋಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯ ವೆಚ್ಚದೊಂದಿಗೆ ಮುಂದಿನ ವರ್ಷಗಳ ಔಷಧದ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಬಡತನದ ರೇಖೆಗಿಂತ ಕೆಳಗಿನವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ನೆರವನ್ನು ವಿಚಾರಿಸಬಹುದು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಮೂತ್ರಪಿಂಡ ಪಡೆದವರಲ್ಲಿ ಐವರಿಗೆ ನಾಲ್ವರು ಗಂಡಸರು. ಬದುಕಿರುವಾಗ ಅಂಗ ಕೊಡುವವರಲ್ಲಿ ಬಹುಪಾಲು ಹೆಂಗಸರು, ಅದರಲ್ಲಿಯೂ ತಾಯಂದಿರು ಮತ್ತು ಪತ್ನಿಯರು. ಇದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ಸುಲಭ. ದುಡಿಯುವ ಗಂಡಸಿನ ದೇಹಕ್ಕೆ ಕತ್ತರಿ ಹಾಕುವುದು ಬೇಡವೆಂಬ ಲೆಕ್ಕಾಚಾರವೂ ಅದರ ಹಿಂದೆ ಇರುತ್ತದೆ; ಬೆಳಗಿನಿಂದ ಕೊಟ್ಟಿಗೆ, ಅಡುಗೆಮನೆ, ಹೊಲವೆಂದು ದುಡಿಯುವವಳ ದುಡಿಮೆ ಆ ಲೆಕ್ಕಕ್ಕೆ ಬರುವುದಿಲ್ಲ. ಹೆಂಡತಿಗೆ ಬಂದ ಕಾಯಿಲೆಗೆ ಗಂಡ ಆಸ್ಪತ್ರೆಯಲ್ಲಿ ರಕ್ತದ ಗುಂಪು ಪರೀಕ್ಷಿಸಿಕೊಳ್ಳುವುದಾದರೂ ಎಷ್ಟು ಮನೆಗಳಲ್ಲಿ ನಡೆದೀತು?

ಶಾಸನ ರಚಿಸಿದವರಿಗೂ ಇದು ತಿಳಿದಿತ್ತು. ದಾನಿ ಮಹಿಳೆಯಾಗಿದ್ದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದೆ ಬೇರೊಬ್ಬರು ದೃಢಪಡಿಸಬೇಕು ಎಂದು 2014ರ ನಿಯಮಗಳು ವಿಧಿಸುತ್ತವೆ. ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶ ಕೇಳುವುದು ದಾನಿಯ ಹಕ್ಕು. ಅಲ್ಲಿ ಆಕೆ ‘ನನಗೆ ಇಷ್ಟವಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಶಸ್ತ್ರಚಿಕಿತ್ಸೆಯ ದಿನದವರೆಗೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಮನಸ್ತಾಪವಾಗದಿರಲೆಂದು, ದೇಹಸ್ಥಿತಿ ತಕ್ಕುದಾಗಿಲ್ಲವೆಂದಷ್ಟೇ ಮನೆಯವರಿಗೆ ತಿಳಿಸುವ ವೈದ್ಯರಿದ್ದಾರೆ. ಅದನ್ನು ಸುಳ್ಳೆಂದು ದೂಷಿಸಲು ಈ ಲೇಖಕನಿಗೆ ಮನಸ್ಸಿಲ್ಲ.

2022ರ ಡಿಸೆಂಬರಿನಲ್ಲಿ ಲಾಲೂ ಪ್ರಸಾದ್ ಯಾದವ್ ಅವರಿಗೆ ಮಗಳು ರೋಹಿಣಿ ಆಚಾರ್ಯ ಸಿಂಗಪುರದಲ್ಲಿ ಮೂತ್ರಪಿಂಡ ಕೊಟ್ಟಾಗ ದೇಶವೇ ಕೊಂಡಾಡಿತು. ಸ್ವಇಚ್ಛೆಯಿಂದ ಕೊಡುವವರಿಗೆ ಆ ಮೆಚ್ಚುಗೆ ಸಲ್ಲತಕ್ಕದ್ದೇ. ಆದರೆ ಕೊಟ್ಟ ಮಗಳಿಗೆ ತವರಿನವರೆಲ್ಲ ಋಣಿಗಳಾಗಿ ನಿಲ್ಲುವುದೂ, ಕೊಡದ ಮಗನನ್ನು ಹಬ್ಬದ ಪಂಕ್ತಿಯಲ್ಲಿ ಮೂದಲಿಸುವುದೂ ಬೇಡ. ದಾನಕ್ಕೂ ದಾಸೋಹಕ್ಕೂ ಅಂತರವನ್ನು ಕಲಿಸಿದ ಪರಂಪರೆ ನಮ್ಮದು. ಕೊಟ್ಟೆನೆಂಬ ಹಮ್ಮು, ಪಡೆದೆನೆಂಬ ದೈನ್ಯ ಎರಡೂ ಅಲ್ಲಿಲ್ಲ.

ಮನೆಯಲ್ಲಿ ಯಾರದೂ ಹೊಂದದಿದ್ದರೆ ದಾರಿ ಮುಚ್ಚಿಲ್ಲ. ಇಂಥದೇ ಕಷ್ಟದಲ್ಲಿರುವ ಮತ್ತೊಂದು ಕುಟುಂಬದೊಡನೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನು ಈಗ ಸಮ್ಮತಿಸುತ್ತದೆ. ಮಿದುಳು ನಿಷ್ಕ್ರಿಯಗೊಂಡವರಿಂದ ದೊರೆಯುವ ಅಂಗಗಳಿಗಾಗಿ ಆಸ್ಪತ್ರೆಯ ಮೂಲಕ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು.

ಕೊಟ್ಟವರು ಕೆಲವು ವಾರಗಳ ನಂತರ ಕೆಲಸಕ್ಕೆ ಮರಳಬಹುದು. ರಾಗಿಯ ಮೂಟೆ ಎತ್ತಲು ಮಾತ್ರ ವೈದ್ಯರ ಅಪ್ಪಣೆ ಬೇಕು. ಸೊಂಟನೋವಿಗೆ ಔಷಧದ ಅಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ನುಂಗುವ ಅಭ್ಯಾಸವನ್ನು ಬಿಡಬೇಕು. ಪಡೆದವರ ಕಡತ ಬೀರುವಿನಲ್ಲಿ ಭದ್ರವಾಗಿರುತ್ತದೆ. ಕೊಟ್ಟವರ ಕಾಗದಗಳು ಎಲ್ಲಿವೆಯೆಂದು ವರ್ಷ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ವರ್ಷಕ್ಕೊಮ್ಮೆ ರಕ್ತದೊತ್ತಡ, ಮೂತ್ರದಲ್ಲಿನ ಪ್ರೋಟೀನು, ರಕ್ತದಲ್ಲಿನ ಕ್ರಿಯಾಟಿನಿನ್, ಈ ಮೂರನ್ನು ನೋಡಿಸಿದರೆ ಸಾಕು. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಹಾಸನದಲ್ಲಿಯೇ ಆಗುತ್ತದೆ.